ತುಮಕೂರಿನಲ್ಲಿ ವಿದ್ಯಾರ್ಥಿ ವಸತಿ

ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಂತಹ ಊರುಗಳಿಂದ ಉನ್ನತ ವ್ಯಾಸಂಗಕ್ಕಾಗಿ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಬರುವ ವಿದ್ಯಾರ್ಥಿಗಳು ಮಠದ ಅಥವಾ ಸರ್ಕಾರದ ವಿದ್ಯಾರ್ಥಿನಿಲಯ, ಕಾಲೇಜಿನ ಹಾಸ್ಟೆಲ್, ಬಾಡಿಗೆ ಕೊಠಡಿ ಇಲ್ಲವೆ ಪಿ.ಜಿ.ಗಳಲ್ಲಿ ನೆಲೆಸುತ್ತಾರೆ. ಹಳೆಯ ಮೈಸೂರು ಸೀಮೆಯಲ್ಲಿ ಹಿಂದೆ ಬಡ ವಿದ್ಯಾರ್ಥಿಗಳು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ವಾರಾನ್ನದ ಪದ್ಧತಿಯಿತ್ತು. ಅದು ಬಹುಮಟ್ಟಿಗೆ ಸ್ವಜಾತಿಯ ಮನೆಗಳನ್ನೇ ಅವಲಂಬಿಸಿದ್ದುದರಿಂದ ಎಲ್ಲರಿಗೂ ಒದಗುತ್ತಿರಲಿಲ್ಲ.

ಈ ಕೊರತೆಯನ್ನು ತುಂಬಿದ ಸಂಸ್ಥೆಗಳಲ್ಲಿ ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗಾ ಮಠ ಪ್ರಮುಖವಾದುದು. ಶಿವಕುಮಾರ ಸ್ವಾಮೀಜಿಯವರ (1907–2019) ಕಾಲದಲ್ಲಿ ಇದು ಜಾತಿ ಮತಗಳ ಭೇದವಿಲ್ಲದೆ ಸಾವಿರಾರು ವಿದ್ಯಾರ್ಥಿಗಳಿಗೆ ಉಚಿತವಾಗಿ ಅನ್ನ, ಅಕ್ಷರ, ಆಶ್ರಯ ನೀಡುವ ಕೇಂದ್ರವಾಗಿ ಬೆಳೆಯಿತು. ಸಾಮೂಹಿಕ ಪ್ರಾರ್ಥನೆ ಮತ್ತು ಪಂಕ್ತಿಯ ಊಟ ಇಲ್ಲಿನ ದಿನಚರಿಯ ಅಂಗಗಳು. ಕೊಠಡಿ ಹಿಡಿದು ಇರುವವರ ಸ್ವಾತಂತ್ರ್ಯ ಇಲ್ಲಿಲ್ಲ, ಅವರ ಖರ್ಚೂ ಇಲ್ಲ.

ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತವೆ. ಅಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ 2013–14ರಲ್ಲಿ ವಿದ್ಯಾಸಿರಿ ಯೋಜನೆ ಬಂದಿತು. ಆರಂಭದಲ್ಲಿ ಇದರ ನೆರವು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ದೊರೆಯುತ್ತಿತ್ತು.

ವ್ಯಾಸಂಗದ ನಡುವೆ ಬಂದು ಸೇರುವವರ ಸ್ಥಿತಿ ಹೆಚ್ಚು ಕಷ್ಟದ್ದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಮೂಲಕ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಪ್ರವೇಶ ಪಡೆಯುವವರೂ, ವರ್ಗಾವಣೆ ಪತ್ರದೊಂದಿಗೆ ಬೇರೆ ಕಾಲೇಜಿನಿಂದ ಬರುವವರೂ ಈ ಗುಂಪಿನವರು. ಮೊದಲ ವರ್ಷದಿಂದಲೇ ಇರುವವರು ನವೀಕರಣ ಪಡೆದು ಮುಂದುವರಿಯುವುದರಿಂದ, ಇವರಿಗೆ ಉಳಿದ ಸ್ಥಾನಗಳಷ್ಟೇ ಸಿಗುತ್ತವೆ. ಹೀಗಾಗಿ ಅನೇಕರು ಮೊದಲ ಕೆಲವು ತಿಂಗಳು ನೆಂಟರ ಮನೆಯಲ್ಲಿಯೋ ಊರಿನವರು ಹಂಚಿಕೊಂಡ ಕೊಠಡಿಯಲ್ಲಿಯೋ ಉಳಿಯುತ್ತಾರೆ. ಕೆಲವರು ರಿಯಾಯಿತಿ ಬಸ್ ಪಾಸಿನಲ್ಲಿ ಊರಿನಿಂದಲೇ ದಿನವೂ ಓಡಾಡುತ್ತಾರೆ.