ಸಿಲಬಸ್ಸಲ್ಲಿಲ್ಲದ ಹಿಸ್ಟರಿ, ಭಾಗ 7: ಅಮ್ಮನ ಮಂಚ ಎಲ್ಲಿ?

ಹೋದ ವರ್ಷ ನಮ್ಮಕ್ಕನ ಮಗಳು ಎಂಟನೇ ತಿಂಗಳಿಗೇ ಹುಟ್ಟಿ 19 ದಿನ ಎನ್‌ಐಸಿಯುನಲ್ಲಿದ್ದಳು. ಮಗುವಿಗೆ ಗಾಜಿನ ಪೆಟ್ಟಿಗೆ, ಮಾನಿಟರ್, ನರ್ಸ್ ಎಲ್ಲ ಇತ್ತು. ಹಸಿ ಬಾಣಂತಿ ಅಕ್ಕನಿಗೆ ಇದ್ದದ್ದು ಕಾರಿಡಾರಿನ ಒಂದು ಪ್ಲಾಸ್ಟಿಕ್ ಕುರ್ಚಿ. ಎರಡು ಮೂರು ಗಂಟೆಗೊಮ್ಮೆ, ರಾತ್ರಿನೂ, ಹಾಲು ಹಿಂಡಿ ಒಳಗೆ ಕಳಿಸಬೇಕು. ಹಿಂಡದೇ ಬಿಟ್ಟರೆ ಹಾಲು ಬರೋದೇ ಕಮ್ಮಿಯಾಗುತ್ತೆ. ಮನೇಲಿದ್ದಿದ್ರೆ ಬಿಸಿನೀರು, ಬಿಸಿ ಊಟ, ನಿದ್ದೆ ಅಂತ ಬಾಣಂತನ ನಡೀತಿತ್ತು. ಇಲ್ಲಿ ಊಟ ನಿಂತ್ಕೊಂಡೇ. ಬಂದವರೆಲ್ಲ ಕೇಳಿದ್ದು "ಹಾಲು ಬರ್ತಿದ್ಯಾ?" ನಾನೂ ಅದನ್ನೇ ಕೇಳಿದ್ದೆ. "ನೀನು ಮಲಗಿದ್ಯಾ?" ಅಂತ ಯಾರೂ ಕೇಳಲಿಲ್ಲ.

ಅಮ್ಮನನ್ನ ಹೊರಗೆ ಕೂರಿಸೋ ಪದ್ಧತಿ ಎಲ್ಲಿಂದ ಬಂತು ಅಂತ ಆಮೇಲೆ ಓದಿದೆ. 1880ರ ದಶಕದಲ್ಲಿ ಪ್ಯಾರಿಸ್ಸಿನ ಹೆರಿಗೆ ಆಸ್ಪತ್ರೆಗೆ ಇನ್‌ಕ್ಯುಬೇಟರ್ ಬಂತು. ತಂದವರು ಡಾ. ತಾರ್ನಿಯೆ. ಅವರ ಶಿಷ್ಯ ಪಿಯೆರ್ ಬ್ಯೂದಾಂಗೆ ಒಂದು ವಿಷಯ ಕಣ್ಣಿಗೆ ಬಿತ್ತು: ಮಗುವಿನಿಂದ ದೂರ ಇಟ್ಟರೆ ತಾಯಿಯ ಮನಸ್ಸೂ ದೂರ ಆಗುತ್ತೆ. ಹಾಗಾಗಿ ತಾಯಂದಿರು ಒಳಗೆ ಬರಲಿ, ಹಾಲು ಕೊಡಲಿ ಅಂದರು. ಆದರೆ ಮುಂದೆ ಬಹಳಷ್ಟು ಆಸ್ಪತ್ರೆಗಳು ಸೋಂಕಿನ ಭಯಕ್ಕೆ ಬಾಗಿಲು ಹಾಕಿದವು. ಆ್ಯಂಟಿಬಯಾಟಿಕ್ ಇಲ್ಲದ ಕಾಲ, ಭಯ ಸುಳ್ಳಲ್ಲ ಬಿಡಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜೇಮ್ಸ್ ಸ್ಪೆನ್ಸ್ 1925ರಿಂದ ಮಗುವಿನ ಜೊತೆ ತಾಯಿಯನ್ನೂ ಅಡ್ಮಿಟ್ ಮಾಡ್ಕೊಳ್ತಿದ್ದರು. ಅಂಥವರು ಕಮ್ಮಿ.

ಕಥೆ ತಿರುಗಿದ್ದು ಶ್ರೀಮಂತ ದೇಶದಲ್ಲಲ್ಲ, ಕೊಲಂಬಿಯಾದ ಬೊಗೊಟಾದಲ್ಲಿ, 1978ರಲ್ಲಿ. ಬಡವರ ಹೆರಿಗೆ ಆಸ್ಪತ್ರೆ. ಇನ್‌ಕ್ಯುಬೇಟರ್ ಸಾಲದೆ ಒಂದರಲ್ಲೇ ಎರಡು ಮೂರು ಮಕ್ಕಳು. ಒಂದಕ್ಕೆ ಸೋಂಕು ಬಂದರೆ ಪಕ್ಕದ್ದಕ್ಕೂ. ಕೆಲವು ತಾಯಂದಿರು ಮಗುವನ್ನ ಬಿಟ್ಟೇ ಹೋಗ್ತಿದ್ದರು. ಆಗ ಡಾ. ಎಡ್ಗರ್ ರೇ ಸನಾಬ್ರಿಯಾ ಮಗುವನ್ನ ತಾಯಿಯ ಎದೆಗೇ ಚರ್ಮಕ್ಕೆ ಚರ್ಮ ತಾಗೋ ಹಾಗೆ ಕಟ್ಟಿಸಿದರು. ಶಾಖಕ್ಕೆ ಅಮ್ಮನ ಮೈ, ಊಟಕ್ಕೆ ಅಮ್ಮನ ಹಾಲು. ಮರುವರ್ಷ ಡಾ. ಹೆಕ್ಟರ್ ಮಾರ್ಟಿನೆಜ್ ಜೊತೆಯಾದರು. ಇದೇ ಇವತ್ತಿನ ಕಾಂಗರೂ ಆರೈಕೆ.

ಆದರೆ ಯೋಚಿಸಿ, ದಿನಕ್ಕೆ ಅಷ್ಟು ಹೊತ್ತು ಮಗುವನ್ನ ಎದೆ ಮೇಲಿಟ್ಕೊಂಡು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರೋಕಾಗುತ್ತಾ?

ಇದಕ್ಕೆ ಉತ್ತರ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನಕ್ಕಾಗಿ ಅಲ್ಲಿ ಎನ್‌ಐಸಿಯು ಒಳಗೇ ತಾಯಿಗೂ ಮಂಚ ಹಾಕಿದರು. ತಾಯಿಯ ಚೆಕಪ್, ಔಷಧಿ ಕೂಡ ಅಲ್ಲೇ. ಅವಳು ಸುಸ್ತಾದಾಗ ಮಗುವನ್ನ ಎದೆಗೆ ಹಾಕ್ಕೊಳ್ಳೋಕೆ ಮನೆಯ ಇನ್ನೊಬ್ಬರು. ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಸೇರಿ 3,211 ಮಕ್ಕಳು, ಎಲ್ಲರೂ 1.8 ಕೆಜಿಗಿಂತ ಕಮ್ಮಿ. 2021ರಲ್ಲಿ ಫಲಿತಾಂಶ ಬಂತು: ಮಾಮೂಲಿ ಪದ್ಧತಿಯಲ್ಲಿ 28 ದಿನದೊಳಗೆ ತೀರಿಕೊಂಡವರು 15.7%, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಸಿಕ್ಕವರಲ್ಲಿ 12%. ಲಾಭ ಎಷ್ಟು ಸ್ಪಷ್ಟವಾಗಿತ್ತು ಅಂದ್ರೆ ಅಧ್ಯಯನವನ್ನ ಅವಧಿಗೆ ಮೊದಲೇ ನಿಲ್ಲಿಸಿದರು. ಬಿಕಾಂ ಲೆಕ್ಕ ಹಾಕಿದೆ: 27 ಮಕ್ಕಳಿಗೆ ಒಂದು ಹೆಚ್ಚುವರಿ ಜೀವ. ಮಂಚಕ್ಕಿಂತ ಒಳ್ಳೆ ಇನ್ವೆಸ್ಟ್‌ಮೆಂಟ್ ಯಾವ ಮೇಷ್ಟ್ರೂ ನನಗೆ ತೋರಿಸಿಲ್ಲ.

ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಕಾಂಗರೂ ಆರೈಕೆಯನ್ನ ಸರ್ಕಾರಿ ಆಸ್ಪತ್ರೆಗಳಿಗೆ ತರೋ ಪ್ರಯತ್ನ ಆಗಿದೆ. ಅದು ಇನ್ನೊಂದು ಪೋಸ್ಟಿಗಾಗುವಷ್ಟಿದೆ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಮಗಳನ್ನ ತೊಡೆ ಮೇಲೆ ಹಾಕ್ಕೊಂಡು ಕೇಳಿಸ್ಕೊಂಡಳು. "ಮಂಚ ಬೇಡ ಕಣೋ, ಒಂದು ದಿಂಬು ಕೊಟ್ಟಿದ್ರೂ ಸಾಕಿತ್ತು" ಅಂದಳು.

ನಿಮ್ಮೂರ ಆಸ್ಪತ್ರೆಯಲ್ಲಿ ಎನ್‌ಐಸಿಯು ಒಳಗೆ ಅಮ್ಮನಿಗೆ ಜಾಗ ಇದ್ಯಾ? ನೋಡಿದವರು ಕಾಮೆಂಟಲ್ಲಿ ಹೇಳಿ.