ಮೊದಲ ಪಿಸ್ತೂಲಿನ ಆಯ್ಕೆ: ಒಂದು ಐತಿಹಾಸಿಕ ನೋಟ

ಕನ್ನಡ ನಾಡಿನಲ್ಲಿ ಮುಧೋಳವೆಂಬ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚುಂಟು. ಒಂದು ಘೋರ್ಪಡೆ ಮನೆತನದ ಸಂಸ್ಥಾನಕ್ಕೆ ರಾಜಧಾನಿಯಾಗಿದ್ದ, ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಮುಧೋಳ. ಇನ್ನೊಂದು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನದು. ಚಿತ್ತಾಪುರ, ಚಿಂಚೋಳಿಗಳ ತೊಗರಿ ಹೊಲಗಳು, ವಾಡಿ, ಶಹಾಬಾದಗಳ ಸುಣ್ಣಕಲ್ಲಿನ ಗಣಿಗಳು ಈ ಸೀಮೆಯವು. ನಮ್ಮ ಜನರ ಕೈಯಲ್ಲಿದ್ದ ಆಯುಧದ ಚರಿತ್ರೆಯನ್ನು ಅರಿಯಬೇಕಾದರೆ ಎರಡು ಮುಧೋಳಗಳ ಕಡೆಗೂ ನೋಡಬೇಕಾಗುತ್ತದೆ. ಗುರಿಹೊಡೆತದ ಆಟಕ್ಕೆಂದು ಮೊದಲ ಬಾರಿಗೆ ಪಿಸ್ತೂಲು ಕೊಳ್ಳಬಯಸುವ ತರುಣ ತರುಣಿಯರು ಇಂದು ಊರೂರುಗಳಲ್ಲಿದ್ದಾರೆ. ‘ಯಾವುದನ್ನು ಕೊಳ್ಳಲಿ?’ ಎಂಬ ಅವರ ಪ್ರಶ್ನೆಗೆ ಅಂಗಡಿಯ ಬೆಲೆಪಟ್ಟಿ ಅರ್ಧ ಉತ್ತರವನ್ನು ಮಾತ್ರ ಕೊಟ್ಟೀತು. ಉಳಿದರ್ಧವನ್ನು ಈ ಚರಿತ್ರೆಯಿಂದಲೇ ಪಡೆಯಬೇಕು.

ಮೊದಲನೆಯ ಮುಧೋಳದ ಕಥೆ ಕನ್ನಡಿಗರಿಗೆ ಹೊಸದಲ್ಲ. 1857ರಲ್ಲಿ ಉತ್ತರ ಹಿಂದುಸ್ಥಾನದ ದಂಗೆಗೆ ಹೆದರಿದ ಕಂಪನಿ ಸರಕಾರವು ಜನರು ತಮ್ಮ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕು, ಅಪ್ಪಣೆಯಿಲ್ಲದೆ ಇಟ್ಟುಕೊಳ್ಳಬಾರದು ಎಂದು ಕಟ್ಟಳೆ ಮಾಡಿತು. ಆ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಕುಲದ ಮಾನ, ಹೊಟ್ಟೆಯ ಪಾಡು ಎರಡೂ ಆಗಿದ್ದಿತು. ಅವರು ಒಪ್ಪಲಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಆ ಹೋರಾಟವನ್ನು ಹಾಡಿದ ಲಾವಣಿಯನ್ನು ಜೆ. ಎಫ್. ಫ್ಲೀಟರು ಸಂಗ್ರಹಿಸಿ ಪ್ರಕಟಿಸಿದರು.

ಎರಡನೆಯ ಮುಧೋಳ ಆಗ ನಿಜಾಮರ ಹೈದರಾಬಾದು ರಾಜ್ಯದಲ್ಲಿತ್ತು. ಅದೇ ರಾಜ್ಯದ ಅಧೀನದಲ್ಲಿದ್ದ ಸುರಪುರದ ಬೇಡ ದೊರೆ ರಾಜಾ ವೆಂಕಟಪ್ಪ ನಾಯಕರು 1858ರ ಫೆಬ್ರವರಿಯಲ್ಲಿ ಆಂಗ್ಲರ ಮೇಲೆ ಎದ್ದು ಸೋತರು, ಹೈದರಾಬಾದಿನಲ್ಲಿ ಸೆರೆಸಿಕ್ಕರು. ಎಳವೆಯಿಂದ ಅವರನ್ನು ಬಲ್ಲ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಅವರ ಅಂತ್ಯವನ್ನು ಬರೆದಿದ್ದಾನೆ. ಸೆರೆಮನೆಗೆ ಒಯ್ಯುತ್ತಿದ್ದ ದಾರಿಯಲ್ಲಿ, ಕಾವಲಿನ ಅಧಿಕಾರಿ ಬಿಚ್ಚಿಟ್ಟಿದ್ದ ರಿವಾಲ್ವರಿನಿಂದ ಗುಂಡು ಹಾರಿ ತರುಣ ದೊರೆ ತೀರಿಕೊಂಡರೆಂದು ಅವನ ಹೇಳಿಕೆ. ನಮ್ಮ ಸೀಮೆಯ ಚರಿತ್ರೆಯಲ್ಲಿ ಕೈಗೋವಿಯ ಪ್ರವೇಶವಾದದ್ದು ಹೀಗೆ. ಅದು ಆಳುವವನ ಸೊಂಟದ ಆಯುಧವಾಗಿದ್ದಿತು. ಕ್ಷಣಮಾತ್ರದ ಅಜಾಗರೂಕತೆಗೆ ಒಂದು ಜೀವವನ್ನೇ ಬೆಲೆಯಾಗಿ ಕೇಳಿತು.

1878ರ ಆಯುಧ ಕಾಯಿದೆ ಈ ಭೇದವನ್ನು ಗಟ್ಟಿಮಾಡಿತು. ಬ್ರಿಟಿಷ್ ಇಂಡಿಯಾದಲ್ಲಿ ಭಾರತೀಯನಿಗೆ ಪರವಾನಗಿ ಬೇಕು, ಐರೋಪ್ಯನಿಗೆ ವಿನಾಯಿತಿ. ದೇಶೀಯರಲ್ಲಿ ವಿನಾಯಿತಿ ಪಡೆದ ಕೆಲವರಲ್ಲಿ ಕೊಡವರು ಸೇರಿದ್ದರು. ಅವರಿಗೆ ಆ ವಿನಾಯಿತಿ ಇಂದಿಗೂ ಉಂಟು. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರ ವರೆಗೆ ಮುಂದುವರಿಸಿತು. ಕೈಲ್ ಮುಹೂರ್ತದ ದಿನ ಆಯುಧಗಳನ್ನು ಪೂಜಿಸಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಅವರ ಪಂದ್ಯ ನೋಡತಕ್ಕದ್ದು. ಕೊಲ್ಲುವ ಗುರಿಯಿಲ್ಲದೆ, ಕೇವಲ ಕಣ್ಣು ಕೈಗಳ ಹೊಂದಿಕೆಗಾಗಿ ಗುಂಡು ಹಾರಿಸುವ ಕ್ರೀಡೆಗೆ ನಮ್ಮ ನಾಡಿನಲ್ಲಿಯೇ ಬೇರು ಇದೆಯೆಂಬುದಕ್ಕೆ ಇದು ಸಾಕ್ಷಿ.

ಸ್ವಾತಂತ್ರ್ಯದ ನಂತರ 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆ ಹುಟ್ಟಿತು. 1959ರಲ್ಲಿ ಹೊಸ ಆಯುಧ ಕಾಯಿದೆ ಬಂದು 1962ರ ಅಕ್ಟೋಬರ್ 1ರಿಂದ ಜಾರಿಯಾಯಿತು. ಇದರ ಮುಂದೆ ಕರಿಯ ಬಿಳಿಯ ಎಂಬ ಭೇದವಿಲ್ಲ. ವಿನಾಯಿತಿ ಪಡೆದವರನ್ನು ಬಿಟ್ಟರೆ ಮದ್ದಿನ ಪಿಸ್ತೂಲಿಗೆ ಪರವಾನಗಿ ಬೇಕು, ಪರವಾನಗಿಗೆ ಇಪ್ಪತ್ತೊಂದು ವರ್ಷ ತುಂಬಿರಬೇಕು. ಆದರೆ 4.5 ಮಿಲಿಮೀಟರ್ ಕೊಳವೆಯ, ನಿಯಮದಲ್ಲಿ ಹೇಳಿದ ಬಲದ ಮಿತಿಯೊಳಗಿನ ಗಾಳಿ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. ಮೊದಲ ಆಯ್ಕೆಯ ದಾರಿಯನ್ನು ಕಾನೂನೇ ಹೀಗೆ ಸುಗಮಗೊಳಿಸಿದೆ.

ಆದರೂ ನಮ್ಮಲ್ಲಿ ‘ಪಿಸ್ತೂಲು’ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಆತ್ಮರಕ್ಷಣೆಯ ರಿವಾಲ್ವರು. ಕಾನ್ಪುರದ ಸರಕಾರಿ ಕಾರ್ಖಾನೆಯ 0.32 ಅಂಗುಲದ ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮದುವೆಗೆ ಹೋಗುವುದು ದೊಡ್ಡಸ್ತಿಕೆಯೆಂದು ತಿಳಿದವರಿದ್ದಾರೆ. ಗುರಿ ಕಲಿಯಲು ಅದು ತಕ್ಕುದಲ್ಲ. ಅದರ ಕೊಳವೆ ಗಿಡ್ಡ, ಟ್ರಿಗರು ಬಿಗಿ. ಸದ್ದು ಮತ್ತು ಒದೆತಗಳಿಗೆ ಬೆಚ್ಚಿದ ಕೈ ಗುಂಡು ಹಾರುವ ಮೊದಲೇ ಅಲುಗುವುದನ್ನು ಕಲಿಯುತ್ತದೆ. ಒಮ್ಮೆ ಹತ್ತಿದ ಆ ಚಾಳಿ ಬಿಡಿಸುವುದು ಕಷ್ಟ.

ಆಟದ ಗಾಳಿ ಪಿಸ್ತೂಲು ಬೇರೆ ಜಾತಿಯದು. ಗುರಿ ಹತ್ತು ಮೀಟರ್ ದೂರದಲ್ಲಿರುತ್ತದೆ. ಅದರ ನಡುವಿನ ಹತ್ತು ಅಂಕದ ವೃತ್ತದ ಅಗಲ ಕೇವಲ 11.5 ಮಿಲಿಮೀಟರ್. ನಿಂತು, ಒಂದೇ ಕೈಯಲ್ಲಿ ಹಿಡಿದು ಹೊಡೆಯಬೇಕು. ನಿಯಮದಂತೆ ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು. ಟ್ರಿಗರಿನ ಎಳೆತ 500 ಗ್ರಾಮಿಗಿಂತ ಕಡಿಮೆಯಿರಬಾರದು. 1960ರ ದಶಕದಲ್ಲಿ ಜರ್ಮನಿಯ ಫೈನ್‌ವೆರ್ಕ್‌ಬಾವ್ ಕಂಪನಿಯ 65ನೆಯ ಮಾದರಿ ಸ್ಪ್ರಿಂಗಿನ ಒದೆತವನ್ನು ಅಡಗಿಸಿ ಹೆಸರು ಮಾಡಿತು. ಅನಂತರ ಒಂದೇ ಒತ್ತಿಗೆ ಗಾಳಿ ತುಂಬುವ ಮಾದರಿಗಳು ಬಂದವು. ಇಂದಿನ ಪಂದ್ಯಗಳಲ್ಲಿ ಒತ್ತಿದ ಗಾಳಿಯ ಸಿಲಿಂಡರು ಜೋಡಿಸಿದವುಗಳೇ ಹೆಚ್ಚು. ಈ ಆಟ 1988ರಲ್ಲಿ ಒಲಿಂಪಿಕ್ಸನ್ನು ಸೇರಿತು.

ಇದರಲ್ಲಿ ಕನ್ನಡಿಗರ ಸಾಧನೆ ಸಣ್ಣದಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ಕೆನಡದಲ್ಲಿ ಎಂಜಿನಿಯರಾಗಿದ್ದು ಮರಳಿ ಬಂದು, 2013ರಲ್ಲಿ ಕೊರಿಯದ ಚಾಂಗ್ವಾನ್ ವಿಶ್ವಕಪ್ಪಿನ ಗಾಳಿ ಪಿಸ್ತೂಲಿನಲ್ಲಿ ಕಂಚು ಗೆದ್ದರು. ಅದೇ ವರ್ಷ ಮುಖದ ಪಾರ್ಶ್ವವಾಯು ಬಡಿದರೂ ಎದೆಗುಂದದೆ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ ಪಡೆದರು. ಕರ್ನಾಟಕದ ಟಿ. ಎಸ್. ದಿವ್ಯಾ 2023ರಲ್ಲಿ ಬಾಕು ವಿಶ್ವಕಪ್ಪಿನ ಮಿಶ್ರ ತಂಡದಲ್ಲಿ ಸರಬ್‌ಜೋತ್ ಸಿಂಗರೊಡನೆ ಚಿನ್ನ ಗೆದ್ದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಹೈದರಾಬಾದಿನ ಈಶಾ ಸಿಂಗ್ ಮತ್ತು ಪಲಕ್ ಅವರೊಡನೆ ತಂಡದ ಬೆಳ್ಳಿಯನ್ನೂ ತಂದರು.

ಹಾಗಾದರೆ ಮೊದಲ ಪಿಸ್ತೂಲನ್ನು ಆರಿಸುವ ಬಗೆ ಹೇಗೆ? ಮೊದಲ ಮಾತು: ಅವಸರದಲ್ಲಿ ಕೊಳ್ಳದಿರುವುದು. ಒಳ್ಳೆಯ ತರಬೇತಿ ಕೇಂದ್ರದಲ್ಲಿ ಕೆಲವು ತಿಂಗಳು ಅಲ್ಲಿಯ ಪಿಸ್ತೂಲಿನಲ್ಲಿಯೇ ಅಭ್ಯಾಸ ಮಾಡಿ, ನಾಲ್ಕಾರು ಮಾದರಿಗಳನ್ನು ಕೈಯಲ್ಲಿ ಹಿಡಿದು ನೋಡಬೇಕು. ಎರಡನೆಯದು ಹಿಡಿಕೆ. ಕಣ್ಣು ಮುಚ್ಚಿ ಕೈ ಚಾಚಿ, ಕಣ್ಣು ತೆರೆದಾಗ ಮುಂದಿನ ಮೊಳೆ ಹಿಂದಿನ ಕಚ್ಚಿನ ನಡುವೆ ತಾನಾಗಿ ಬಂದು ನಿಂತಿದ್ದರೆ ಹಿಡಿಕೆ ಹೊಂದಿತೆಂದು ತಿಳಿಯಬೇಕು. ಅಂಗೈ ಸಣ್ಣದಿದ್ದವರಿಗೆ, ಎಡಗೈಯವರಿಗೆ ಬೇರೆ ಹಿಡಿಕೆಗಳು ಸಿಗುತ್ತವೆ. ಮೂರನೆಯದು ತೂಕ. ಅರುವತ್ತು ಗುಂಡಿನ ಪಂದ್ಯದ ಕೊನೆಯಲ್ಲಿಯೂ ತೋಳು ನಡುಗದಷ್ಟು ಹಗುರವಿರಬೇಕು. ಎಳೆಯರಿಗಂತೂ ಇದು ಮುಖ್ಯ.

ನಾಲ್ಕನೆಯದು ರಿಪೇರಿ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಪಂದ್ಯದ ನಡುವೆಯೇ ಕೆಟ್ಟು, ಅವರು ಅಲ್ಪ ಅಂತರದಲ್ಲಿ ಅಂತಿಮ ಸುತ್ತನ್ನು ಕಳೆದುಕೊಂಡರು. (2024ರಲ್ಲಿ ಪ್ಯಾರಿಸ್ಸಿನಲ್ಲಿ ಅವರು ಎರಡು ಕಂಚು ಗೆದ್ದುದು ಎಲ್ಲರೂ ಬಲ್ಲ ಸಂಗತಿ.) ಅತ್ಯುತ್ತಮ ಯಂತ್ರವೂ ಕೈಕೊಡುತ್ತದೆ. ಆದ್ದರಿಂದ ಬಿಡಿಭಾಗ ದೊರೆಯುವ, ಹತ್ತಿರದಲ್ಲಿ ಬಲ್ಲವರಿರುವ ಮಾದರಿಯನ್ನೇ ಕೊಳ್ಳುವುದು ಜಾಣತನ. ಹಳೆಯ ಪಿಸ್ತೂಲು ಕೊಳ್ಳುವವರು ಗಾಳಿಯ ಸಿಲಿಂಡರಿನ ಮೇಲೆ ಕೆತ್ತಿದ ತಾರೀಖನ್ನು ಓದಬೇಕು. ಹತ್ತು ವರ್ಷ ಮೀರಿದ ಸಿಲಿಂಡರಿಗೆ ಪಂದ್ಯದಲ್ಲಿ ಪ್ರವೇಶವಿಲ್ಲ. ಇದೆಲ್ಲ ಕೂಡಿಬಂದರೆ ಸ್ಪ್ರಿಂಗಿನ ಹಳೆಯ ಪಿಸ್ತೂಲಿನಲ್ಲಿಯೂ ಚೆನ್ನಾಗಿ ಕಲಿಯಬಹುದು.

ಹಂಗೇರಿಯ ಕಾರೊಯ್ ಟಕಾಚ್ ಎಂಬ ಸೈನಿಕ 1938ರಲ್ಲಿ ಕೈಬಾಂಬು ಸಿಡಿದು ಬಲಗೈ ಕಳೆದುಕೊಂಡ. ಎಡಗೈಯಲ್ಲಿ ಮೊದಲಿನಿಂದ ಕಲಿತು 1948ರಲ್ಲಿ, ಮತ್ತೆ 1952ರಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದ. ಅವನನ್ನು ಗೆಲ್ಲಿಸಿದ್ದು ದುಬಾರಿ ಪಿಸ್ತೂಲಲ್ಲ, ದಿನದಿನದ ಸಾಧನೆ.

ಕೊನೆಯದಾಗಿ, ಮನೆಯಲ್ಲಿ ಇಡುವ ರೀತಿ. ಗಾಳಿ ಪಿಸ್ತೂಲೆಂದು ಸಸಾರ ಬೇಡ. ಅದರ ಸೀಸದ ಗುಂಡು ಕಣ್ಣು ತೆಗೆಯಬಲ್ಲದು. ಗುಂಡು ತೆಗೆದು, ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಬೇರೆ ಕಡೆ ಇಡಬೇಕು. ಅಭ್ಯಾಸ ಮುಗಿದ ಮೇಲೆ ಕೈ ತೊಳೆಯಬೇಕು. ಕಾವಲಿನವನು ಬಿಚ್ಚಿಟ್ಟ ರಿವಾಲ್ವರಿನಿಂದ ಸುರಪುರದ ದೊರೆಗೆ ಏನಾಯಿತೆಂಬ ಟೇಲರನ ಮಾತನ್ನು ಈ ವಿಷಯದಲ್ಲಿ ನೆನೆಯುವುದು ಒಳ್ಳೆಯದು.

ಮುಧೋಳದ ಸೀಮೆಯವರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ವಾಡಿಯಿಂದ ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ಹೋಗುವ ರೈಲುದಾರಿ 1874ರಷ್ಟು ಹಳೆಯದು. ಮಕ್ಕಳಿಗೆ ಈ ಆಟದಲ್ಲಿ ಆಸಕ್ತಿಯಿದ್ದರೆ ತಂದೆತಾಯಿಗಳು ಪಿಸ್ತೂಲಿನ ಬೆಲೆ ವಿಚಾರಿಸುವ ಮೊದಲು ಅವರನ್ನು ಒಮ್ಮೆ ಆ ರೈಲಿನಲ್ಲಿ ಕರೆದುಕೊಂಡು ಹೋಗಿ ಒಂದು ತರಬೇತಿ ಕೇಂದ್ರವನ್ನು ತೋರಿಸಲಿ. ಕೊಳ್ಳುವ ಮಾತು ಆಮೇಲೆ.