ರಾಜ ಎರಡನೇ ನಡೆಗೇ ಬೀದಿಗೆ ಬಂದ ದಿನ

ಇವತ್ತಿನ ಎಪಿಸೋಡ್ ಒಂದು ಚೆಸ್ ಆಟದಿಂದ ಶುರು. ಆಡಿದ್ದು ಒಟ್ಟು ಆರೇ ಆರು ನಡೆ.

2021ರ ಮಾರ್ಚ್ 15. ಮ್ಯಾಗ್ನಸ್ ಕಾರ್ಲ್‌ಸನ್ ಇನ್ವಿಟೇಷನಲ್ ಅನ್ನೋ ಆನ್‌ಲೈನ್ ರ್ಯಾಪಿಡ್ ಟೂರ್ನಮೆಂಟ್. 16 ಜನ ಆಟಗಾರರು, ಎಲ್ಲರೂ ಅವರವರ ಮನೇಲಿ, ಕ್ಯಾಮೆರಾ ಮುಂದೆ. ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಜಾಸ್ತಿ. ಲೀಗ್ ಹಂತದ ಕೊನೇ ಸುತ್ತು. ಬಿಳಿ ಕಾಯಿ ವಿಶ್ವ ಚಾಂಪಿಯನ್ ಕಾರ್ಲ್‌ಸನ್‌ಗೆ, ಕಪ್ಪು ಅಮೆರಿಕದ ಹಿಕಾರು ನಕಮುರಗೆ. ಕಾರ್ಲ್‌ಸನ್ ರಾಜನ ಮುಂದಿನ ಪದಾತಿಯನ್ನ ಎರಡು ಮನೆ ತಳ್ಳಿದರು, ನಕಮುರ ಕೂಡ ಅದನ್ನೇ ಮಾಡಿದರು. ಎರಡನೇ ನಡೆಗೆ ಕಾರ್ಲ್‌ಸನ್ ರಾಜನನ್ನೇ ಒಂದು ಮನೆ ಮುಂದಕ್ಕೆ ತಂದರು. ನಕಮುರಗೆ ನಗು ತಡೆಯೋಕಾಗಲಿಲ್ಲ. ಅವರೂ ರಾಜನನ್ನ ಎಬ್ಬಿಸಿದರು. ಆಮೇಲೆ ಇಬ್ಬರು ರಾಜರೂ ಹಿಂದೆ ಮುಂದೆ, ಹಿಂದೆ ಮುಂದೆ. ಒಂದೇ ಸ್ಥಿತಿ ಮೂರು ಸಲ ಬಂತು, ಡ್ರಾ.

ಈ ಓಪನಿಂಗ್‌ಗೆ ಬಾಂಗ್‌ಕ್ಲೌಡ್ ಅಂತ ಹೆಸರು. ಹೆಸರೇ ತಮಾಷೆ, ನಶೆಯ ಹೊಗೇಲಿ ಕೂತು ಆಡಿದ ಹಾಗಿದೆ ಅನ್ನೋ ಅರ್ಥದಲ್ಲಿ. ಚೆಸ್ ಕಲಿಯೋ ಮಗುವಿಗೆ ಮೊದಲು ಹೇಳಿಕೊಡೋದೇ ರಾಜನನ್ನ ಬಚ್ಚಿಡು ಅಂತ. ಇಲ್ಲಿ ಕ್ಯಾಸ್ಲಿಂಗ್ ಹಕ್ಕು ಹೋಯ್ತು, ರಾಣಿಗೂ ಒಂಟೆಗೂ ದಾರಿ ಮುಚ್ಚಿತು. ಇದಕ್ಕಿಂತ ಕೆಟ್ಟ ಎರಡನೇ ನಡೆ ಹುಡುಕೋದು ಕಷ್ಟ.

ವಿಡಿಯೋ ವೈರಲ್ ಆಯ್ತು. ಅರ್ಧ ಜನ ನಕ್ಕರು, ಇನ್ನರ್ಧ ಜನ ಇದು ಆಟಕ್ಕೆ ಅವಮಾನ ಅಂದರು. ನಿಜ ಹೇಳ್ತೀನಿ, ನಾನೂ ಆಗ ಎರಡನೇ ಗುಂಪಲ್ಲೇ ಇದ್ದೆ. ನಮ್ಮಲ್ಲಿ ಎಷ್ಟೋ ಮಕ್ಕಳು ರಜೆಯೆಲ್ಲ ಬಿಟ್ಟು ಕಲಿಯೋ ಆಟವನ್ನ ಇವರು ಹೀಗೆ ಮಾಡೋದಾ ಅಂತ ಸಿಟ್ಟು ಬಂದಿತ್ತು. ಆಮೇಲೆ ಹಿಂದಿನ ಕಥೆ ಓದ್ತಾ ಹೋದಾಗ ಸಿಟ್ಟು ಇಳೀತು, ಪೂರ್ತಿ ಅಲ್ಲ.

ಹಿಂದಕ್ಕೆ ಹೋಗೋಣ. 2000ನೇ ಇಸವಿ, ಲಂಡನ್. ಗ್ಯಾರಿ ಕಾಸ್ಪರೋವ್ ಎದುರು ವ್ಲಾದಿಮಿರ್ ಕ್ರಾಮ್ನಿಕ್. ಕಾಸ್ಪರೋವ್ ಓಪನಿಂಗ್ ತಯಾರಿಯ ರಾಕ್ಷಸ. ಕ್ರಾಮ್ನಿಕ್ ಧೂಳು ಹಿಡಿದಿದ್ದ ಬರ್ಲಿನ್ ಡಿಫೆನ್ಸನ್ನ ಹೊರಗೆ ತೆಗೆದರು. ರಾಣಿಗಳು ಬೇಗ ಬೋರ್ಡಿಂದ ಹೋಗ್ತವೆ, ಉಳಿಯೋದು ಗಟ್ಟಿ ಗೋಡೆ. 15 ಆಟದಲ್ಲಿ ಕಾಸ್ಪರೋವ್ ಒಂದನ್ನೂ ಗೆಲ್ಲಲಿಲ್ಲ. 8.5–6.5, ಪಟ್ಟ ಕೈಬಿಟ್ಟಿತು.

ಅಲ್ಲಿಂದಾಚೆ ಬರ್ಲಿನ್ ಎಲ್ಲ ದೊಡ್ಡವರ ಕೈಗೂ ಬಂತು. ಕಂಪ್ಯೂಟರ್ ಜೊತೆ ಕೂತು ಅದನ್ನ ಅರೆದು ಅರೆದು, ಕೊನೆಗೆ ಒಂದು ಶಾರ್ಟ್‌ಕಟ್ ಸಿಕ್ತು: ಹದಿನಾಲ್ಕೇ ನಡೆಯಲ್ಲಿ ಡ್ರಾ ಆಗೋ ದಾರಿ. ನೋಡೋಕೆ ಭಾರಿ ಜಗಳ. ಒಂಟೆ ಹೊಡೆದ, ಕುದುರೆ ಹೊಡೆದ, ರಾಣಿ (ನಮ್ಮಜ್ಜಂದಿರ ಬಾಯಲ್ಲಿ ಮಂತ್ರಿ) ನಡುಬೋರ್ಡಿಗೆ ಬಂತು ಅಂತ ನೀವು ಮುಂದಕ್ಕೆ ಬಾಗಿ ನೋಡ್ತೀರಿ. ಅಷ್ಟರಲ್ಲಿ ಎರಡು ರಾಣಿಗಳು ಅದೇ ಮನೆಗಳಲ್ಲಿ ಓಡಾಡಿ, ಮೂರು ಸಲ ಅದೇ ಸ್ಥಿತಿ, ಮುಗೀತು. ಇಬ್ಬರಿಗೂ ಮೊದಲೇ ಗೊತ್ತು. ಗೊತ್ತಿಲ್ಲದಿರೋದು ನಮಗೆ ಮಾತ್ರ. ಆನ್‌ಲೈನ್ ರ್ಯಾಪಿಡ್ ಟೂರ್ನಮೆಂಟ್‌ಗಳಲ್ಲಿ, ಅರ್ಧ ಪಾಯಿಂಟ್ ಸಾಕು ಅನ್ನೋ ಸುತ್ತು ಬಂದಾಗೆಲ್ಲ ಇದು ತಲೆ ಹಾಕ್ತಿತ್ತು.

ತಮಾಷೆ ಏನು ಗೊತ್ತಾ? ರ್ಯಾಪಿಡ್‌ನ ತಂದಿದ್ದೇ ಇಂಥ ಬೋರ್ ತಪ್ಪಿಸೋಕೆ. 1987ರಲ್ಲಿ ಲಂಡನ್ನಿನ ಹಿಪ್ಪೊಡ್ರೋಮ್‌ನಲ್ಲಿ ಕಾಸ್ಪರೋವ್ ಮತ್ತು ನೈಜೆಲ್ ಶಾರ್ಟ್ ತಲಾ 25 ನಿಮಿಷದ ಆರು ಆಟ ಆಡಿದರು, ಕಾಸ್ಪರೋವ್ 4–2. ಆಮೇಲೆ 1992ರಿಂದ 2011ರವರೆಗೆ ಮೆಲೊಡಿ ಆಂಬರ್ ಟೂರ್ನಮೆಂಟ್ ನಡೀತು, ಅಲ್ಲಿ ಅರ್ಧ ರ್ಯಾಪಿಡ್, ಅರ್ಧ ಬೋರ್ಡ್ ನೋಡದೇ ಆಡೋ ಬ್ಲೈಂಡ್‌ಫೋಲ್ಡ್. ಆದರೂ ರ್ಯಾಪಿಡ್ ಅಂದ್ರೆ ಮನರಂಜನೆ ಅನ್ನೋ ಭಾವನೆ ತುಂಬಾ ದಿನ ಹೋಗಲಿಲ್ಲ.

ಅದನ್ನ ಒಡೆದಿದ್ದು 2018. ಕಾರ್ಲ್‌ಸನ್ ಮತ್ತು ಫಾಬಿಯಾನೊ ಕರುವಾನಾ, ಮತ್ತೆ ಲಂಡನ್. ಕ್ಲಾಸಿಕಲ್ ಆಟ ಹನ್ನೆರಡು, ಹನ್ನೆರಡೂ ಡ್ರಾ. ಕೊನೇ ಆಟದಲ್ಲಿ ತನ್ನ ಸ್ಥಿತಿ ಚೆನ್ನಾಗಿದ್ದಾಗಲೇ ಕಾರ್ಲ್‌ಸನ್ ಡ್ರಾ ಕೇಳಿದರು. ಕಾಸ್ಪರೋವ್ ಬಹಿರಂಗವಾಗಿಯೇ ಟೀಕೆ ಮಾಡಿದರು, ಧೈರ್ಯ ಕುಸಿದಿದೆ ಅನ್ನೋ ಅರ್ಥದಲ್ಲಿ. ಮುಂದೆ ರ್ಯಾಪಿಡ್ ಟೈಬ್ರೇಕ್, ತಲಾ 25 ನಿಮಿಷ. ಮೊದಲ ಆಟ ಕಾರ್ಲ್‌ಸನ್ ಗೆದ್ದರು. ಎರಡನೆಯದಕ್ಕೆ ಕಪ್ಪು ಕಾಯಿ ಹಿಡಿದು ಆರಿಸಿಕೊಂಡಿದ್ದು ಸಿಸಿಲಿಯನ್‌ನ ಸ್ವೆಷ್ನಿಕೋವ್.

ಇದು ನನಗೆ ಬಹಳ ಇಷ್ಟವಾದ ಓಪನಿಂಗ್. ಕಪ್ಪು ತನ್ನ ಪದಾತಿಯನ್ನ ತಳ್ಳಿ, ನಡುಮಧ್ಯೆ ಒಂದು ಮನೆಯನ್ನ ಕಾವಲಿಲ್ಲದೆ ಬಿಟ್ಟುಕೊಡುತ್ತೆ. ಹಳೇ ಪುಸ್ತಕದವರ ಪ್ರಕಾರ ಅದು ದೊಡ್ಡ ತಪ್ಪು. ಚೆಲ್ಯಾಬಿನ್ಸ್ಕ್ ಊರಿನ ಯೆವ್ಗೆನಿ ಸ್ವೆಷ್ನಿಕೋವ್ ಯಾರು ಏನಂದರೂ ಬಿಡದೆ ವರ್ಷಗಟ್ಟಲೆ ಅದನ್ನೇ ಆಡಿ, ತಪ್ಪಲ್ಲ ಅಂತ ತೋರಿಸಿದರು. ಆ ಮನೆ ಹೋದರೂ ಕಾಯಿಗಳಿಗೆ ಜೀವ ಬರುತ್ತೆ. ಕರುವಾನಾ ಕೈಯಲ್ಲಿ ಗಡಿಯಾರ ಕರಗ್ತಿತ್ತು, ಜೊತೆಗೆ ಗೆಲ್ಲಬೇಕಾದ ಒತ್ತಡ ಬೇರೆ. 28 ನಡೆಗೆ ಮುಗೀತು. ಮೂರನೆಯದೂ ಕಾರ್ಲ್‌ಸನ್‌ಗೇ. 3–0. ಒಂದೇ ದಿನದ ರ್ಯಾಪಿಡ್‌ನಲ್ಲಿ ವಿಶ್ವಪಟ್ಟ ತೀರ್ಮಾನ.

ಅಂದ್ರೆ 2021ರ ಹೊತ್ತಿಗೆ ಇದು ಮನರಂಜನೆ ಆಗಿ ಉಳಿದಿರಲಿಲ್ಲ. ರ್ಯಾಪಿಡ್‌ಗೂ ಅದೇ ಕಂಪ್ಯೂಟರ್ ತಯಾರಿ, ಅದೇ ಬರ್ಲಿನ್, ಅದೇ ಬಾಯಿಪಾಠ. ಕಾರ್ಲ್‌ಸನ್–ನಕಮುರ ಆಟದ ಹಿನ್ನೆಲೆ ಇದು. ಇಬ್ಬರೂ ಆಗಲೇ ನಾಕೌಟ್ ತಲುಪಿದ್ದರು, ಅವರಿಗೆ ಆ ಆಟದಿಂದ ಆಗಬೇಕಾದ್ದು ಏನೂ ಇರಲಿಲ್ಲ. ಹದಿನಾಲ್ಕು ನಡೆಯ ಬರ್ಲಿನ್ ಆಡಿ ಡ್ರಾ ಮಾಡಿದ್ದರೆ ಯಾರೂ ಉಸಿರೆತ್ತುತ್ತಿರಲಿಲ್ಲ. ಅವರು ಅದೇ ಡ್ರಾವನ್ನ ಮುಸುಕಿಲ್ಲದೆ ಆಡಿದರು, ಅಷ್ಟೇ. ನನ್ನ ಲೆಕ್ಕದಲ್ಲಿ ನಾಟಕದ ಡ್ರಾಗಿಂತ ಇದು ಪ್ರಾಮಾಣಿಕ.

ಆ ಟೂರ್ನಮೆಂಟ್ ಗೆದ್ದಿದ್ದು ಕಾರ್ಲ್‌ಸನ್ ಅಲ್ಲ. ಸೆಮಿಫೈನಲ್‌ನಲ್ಲಿ ರಷ್ಯಾದ ಇಯಾನ್ ನೆಪೊಮ್ನಿಯಾಚಿ ಅವರನ್ನ ಹೊರಗೆ ಕಳಿಸಿದರು. ಫೈನಲ್‌ನಲ್ಲಿ ನೆಪೊ ಸೋತಿದ್ದು ಅನೀಶ್ ಗಿರಿಗೆ. ಯಾವ ಗಿರಿ? 2016ರ ಕ್ಯಾಂಡಿಡೇಟ್ಸ್‌ನಲ್ಲಿ 14ಕ್ಕೆ 14 ಆಟ ಡ್ರಾ ಮಾಡಿ, ಇಂಟರ್ನೆಟ್ ತುಂಬ ಮೀಮ್ ಆಗಿದ್ದ ಅದೇ ಗಿರಿ.

ಸಿಟ್ಟು ಪೂರ್ತಿ ಇಳಿದಿಲ್ಲ ಅಂದೆ ಅಲ್ವಾ, ಅದು ಇದಕ್ಕೆ. 2023ರ ಡಿಸೆಂಬರ್, ಸಮರ್ಕಂದ್, ವಿಶ್ವ ಬ್ಲಿಟ್ಜ್ ಚಾಂಪಿಯನ್‌ಶಿಪ್. ನೆಪೊ ಮತ್ತು ದಾನಿಲ್ ದುಬೊವ್ ತಮ್ಮ ನಾಲ್ಕೂ ಕುದುರೆಗಳನ್ನ ಬೋರ್ಡ್ ತುಂಬ ಕುಣಿಸಿ ಡ್ರಾ ಮಾಡಿಕೊಂಡರು. ಅದೇ ಥರದ ತಮಾಷೆ, ಆದರೆ ಇದು ಫಿಡೆ ಸ್ಪರ್ಧೆ, ಎದುರಿಗೆ ಆರ್ಬಿಟರ್‌ಗಳು. ಡ್ರಾ ರದ್ದು, ಇಬ್ಬರಿಗೂ ಸೊನ್ನೆ. 2021ರಲ್ಲಿ ವೈರಲ್ ವಿಡಿಯೋ ಆದದ್ದು ಇಲ್ಲಿ ಶಿಕ್ಷೆ ಆಯ್ತು. ಟೂರ್ನಮೆಂಟ್ ಮುಗಿದಾಗ ದುಬೊವ್ ಹತ್ತಿರ 15.5 ಪಾಯಿಂಟ್ ಇತ್ತು. ಚಾಂಪಿಯನ್ ಹತ್ತಿರ 16. ಚಾಂಪಿಯನ್ ಯಾರು ಅಂತೀರಾ? ಎರಡನೇ ನಡೆಗೇ ರಾಜನನ್ನ ಎಬ್ಬಿಸಿದ್ದ ಕಾರ್ಲ್‌ಸನ್.